ರಾಕ್ ಬ್ಯಾಂಡ್ ಮೇಡಂ

ಕಳೆದ ತಿಂಗಳು ಕೋಲಾರದಲ್ಲಿ ನಮ್ಮ ಮೇಡಂಗೆ ನಿವೃತ್ತಿಯ ಬೀಳ್ಕೊಡುಗೆ ಇತ್ತು. ಹಳ್ಳಿ ಹೆಂಗಸರಿಗೆ ಸ್ವಂತ ಉದ್ಯೋಗ ಕಲಿಸುವ ತರಬೇತಿ ಕೇಂದ್ರದಲ್ಲಿ ಅವರು ಇಪ್ಪತ್ತು ವರ್ಷಕ್ಕೂ ಮೇಲೆ ಪಾಠ ಮಾಡಿದವರು. ಅವರ ಕೈಯಲ್ಲಿ ಕಲಿತವರ ಪರವಾಗಿ ಒಬ್ಬರು ಮಾತಾಡಬೇಕು ಅಂತ ನನ್ನನ್ನು ಕರೆದು ಐದು ನಿಮಿಷ ಕೊಟ್ಟಿದ್ದರು. ನಾನು ಎರಡೇ ನಿಮಿಷಕ್ಕೆ ಮುಗಿಸಿ ಬಂದು ಕೂತೆ. ಮೇಡಂ ಇಲ್ಲದಿದ್ದರೆ ನಾವಿಲ್ಲ ಅಂತ ಎಲ್ಲರೂ ಹೇಳುವ ಮಾತನ್ನೇ ಹೇಳಿದೆ. ಪಕ್ಕದಲ್ಲಿದ್ದ ಲಕ್ಷ್ಮೀದೇವಕ್ಕ, "ಅಷ್ಟೇನೇನೇ? ಆ ಪಾಟ ಕೇಳಿಸಿದ್ದು, ಆ ಹುಡುಗ್ರ ವಿಷ್ಯ, ಒಂದೂ ಹೇಳ್ಲಿಲ್ವಲ್ಲೇ" ಅಂದಳು. ಅವಳಿಗೆ ಹಾಡು ಅಂದರೆ ಇವತ್ತಿಗೂ ತೆಲುಗಿನ ಪಾಟವೇ. ಬಸ್ಸಿನಲ್ಲಿ ನಮ್ಮೂರು ಬೈರಕೂರು ಬರುವವರೆಗೂ ಅದನ್ನೇ ಅಂದಳು. ವೇದಿಕೆಯಲ್ಲಿ ಹೇಳದೆ ಬಿಟ್ಟ ಆ ಮೂರು ನಿಮಿಷದ ಮಾತನ್ನು ಈಗ ಬರೆಯುತ್ತಿದ್ದೇನೆ. ಮೂರು ನಿಮಿಷಕ್ಕಿಂತ ಜಾಸ್ತಿಯೇ ಆಗುತ್ತದೆ.

ನಾವು ನಾಲ್ಕು ಜನ ಆ ತರಬೇತಿಗೆ ಸೇರಿದ್ದು ತರಕಾರಿ ಸಸಿ ಬೆಳೆಸಿ ಮಾರುವುದನ್ನು ಕಲಿಯೋಣ ಅಂತ. ನಮ್ಮ ಕಡೆ ಟೊಮೇಟೊ ಹಾಕದ ಊರಿಲ್ಲ. ಸಸಿಗೆ ಮಾತ್ರ ರೈತರು ದೂರ ದೂರ ಹೋಗಬೇಕಿತ್ತು. ಲಕ್ಷ್ಮೀದೇವಕ್ಕ ನಮ್ಮಲ್ಲಿ ಹಿರಿಯಳು, ಬೀಜ ಊರುವುದರಲ್ಲಿ ಅವಳ ಕೈಗೆ ಸಮ ಇನ್ನೊಂದಿಲ್ಲ. ರತ್ನ ರಾಯಲ್ಪಾಡಿನಿಂದ ನಮ್ಮೂರಿಗೆ ಸೊಸೆಯಾಗಿ ಬಂದವಳು, ಕನ್ನಡ ತೆಲುಗು ಎರಡರಲ್ಲೂ ಎದುರಿಗಿದ್ದವರನ್ನು ಮಾತಿನಲ್ಲೇ ಕೂರಿಸುವವಳು. ಎಲ್ಲರಿಗಿಂತ ಚಿಕ್ಕವಳು ಮಂಜುಳ. ಹುತ್ತೂರಿನ ರೇಷ್ಮೆ ಸಾಕುವ ಮನೆಯಿಂದ ನಮ್ಮ ಪಕ್ಕದೂರಿಗೆ ಮದುವೆಯಾಗಿ ಬಂದವಳು. ಕೇಳಿದರೆ ಉತ್ತರ ಕೊಡುತ್ತಾಳೆ, ಕೇಳದಿದ್ದರೆ ಇದ್ದಾಳೆ ಅನ್ನುವುದೇ ಗೊತ್ತಾಗುವುದಿಲ್ಲ. ಡಿಗ್ರಿ ಓದಿದವಳು ನಾನೊಬ್ಬಳೇ ಆದ್ದರಿಂದ ಅರ್ಜಿ, ಕಾಗದ ಪತ್ರ, ಆಫೀಸು ತಿರುಗುವುದೆಲ್ಲ ನನ್ನ ಪಾಲಿಗೆ ಬಂತು. ಅದರ ಜೊತೆಗೆ ಸ್ವಲ್ಪ ಗತ್ತೂ ಬಂತು. ಅದನ್ನು ಮುಂದೆ ಹೇಳುತ್ತೇನೆ.

ತರಬೇತಿಯ ಮೊದಲೆರಡು ದಿನ ಬೇರೆ ಬೇರೆ ಅಧಿಕಾರಿಗಳು ಬಂದು ಗೋಡೆಯ ಮೇಲೆ ಚಿತ್ರ ತೋರಿಸಿ ಉದ್ಯಮಶೀಲತೆ ಅಂದರೇನು ಅಂತ ಹೇಳಿ ಹೋದರು. ಬರೆದುಕೊಂಡೆವು, ಅರ್ಥವಾಗಲಿಲ್ಲ. ಮೂರನೇ ದಿನ ಈ ಮೇಡಂ ಬಂದರು. ಕಾಟನ್ ಸೀರೆ, ಅಗಲ ಕುಂಕುಮ, ಜಡೆಯಲ್ಲಿ ಒಂದು ಮೊಳ ಕನಕಾಂಬರ. ಮುಳಬಾಗಿಲಿನ ಅರ್ಚಕರ ಮನೆಯವರು ಅಂತ ಯಾರೋ ಪಿಸುಗುಟ್ಟಿದರು. ಲಕ್ಷ್ಮೀದೇವಕ್ಕ ಬೆನ್ನು ನೆಟ್ಟಗೆ ಮಾಡಿ ಸೆರಗು ಹೊದ್ದು ಕೂತಳು. ಪೂಜೆ, ವ್ರತದ ವಿಷಯ ಬರುತ್ತದೆ ಅಂದುಕೊಂಡಿದ್ದಳಂತೆ.

ಮೇಡಂ ಕೈಚೀಲದಿಂದ ಅಂಗೈಯಗಲದ ಒಂದು ಸ್ಪೀಕರ್ ತೆಗೆದು ಮೇಜಿನ ಮೇಲಿಟ್ಟು ಫೋನು ಒತ್ತಿದರು. ಗುಡುಗಿನ ಹಾಗೆ ಇಂಗ್ಲಿಷ್ ಹಾಡು ಶುರುವಾಯಿತು. ಡ್ರಮ್ಮು, ಗಿಟಾರು, ಗಂಟಲು ಹರಿಯುವ ಹಾಗೆ ಯಾರೋ ಕೂಗುವುದು. ಹಿಂದಿನ ಸಾಲಿನ ಹೆಂಗಸರು ಕಿವಿ ಮುಚ್ಚಿಕೊಂಡರು. ಹಾಡು ಮುಗಿದ ಮೇಲೆ ಮೇಡಂ ಕೇಳಿದರು, "ಇದು ಕೆಲಸಾನಾ, ಗಲಾಟೆನಾ?"

"ಗಲಾಟೆ ಮೇಡಂ" ಅಂದಳು ಲಕ್ಷ್ಮೀದೇವಕ್ಕ.

"ಸರಿ. ಎಷ್ಟು ಜನ ಸೇರಿ ಮಾಡಿರೋ ಗಲಾಟೆ?"

ಒಬ್ಬಳು ಹತ್ತು ಅಂದಳು, ಇನ್ನೊಬ್ಬಳು ಹದಿನೈದು. ರತ್ನ, "ಒಂದು ಪೂರಾ ಬ್ಯಾಂಡ್‌ಸೆಟ್ಟು ಮೇಡಂ, ನಮ್ಮ ಮದುವೆಲಿ ಬಂದಿದ್ರಲ್ಲ ಅಂಥದ್ದು" ಅಂದಳು.

"ನಾಲ್ಕೇ ಜನ" ಅಂದರು ಮೇಡಂ. "ನಾಲ್ಕು ಜನ ಸೇರಿದ್ರೆ ಹದಿನೈದು ಜನ ಮಾಡಿದ ಹಾಗೆ ಹೇಗೆ ಕೇಳಿಸುತ್ತೆ, ಅದೇ ಇವತ್ತಿನ ಪಾಠ. ಪುಸ್ತಕದಲ್ಲಿ ಇದಕ್ಕೆ ಪಾಲುದಾರಿಕೆ ಅಂತ ಹೆಸರು."

ಅವತ್ತಿನಿಂದ ಆ ಬ್ಯಾಂಡಿನವರು ನಮ್ಮ ಜೊತೆಗೇ ಇದ್ದಾರೆ. ಬಹಳ ಹಿಂದೆ ಪರದೇಶದಲ್ಲಿ ಹೆಸರು ಮಾಡಿದ ರಾಕ್ ಬ್ಯಾಂಡು ಅದು. ಅದರ ಹೆಸರು ನಮ್ಮ ನಾಲಿಗೆಗೆ ಹತ್ತಲೇ ಇಲ್ಲ. "ನಮ್ಮ ಹುಡುಗ್ರು" ಅಂತಲೇ ಮೇಡಂ ಹೇಳುತ್ತಿದ್ದರು, ಹಾಗಾಗಿ ನಮಗೂ ಅವರು ಮೇಡಂ ಹುಡುಗರು. ಲಕ್ಷ್ಮೀದೇವಕ್ಕನ ಅತ್ತೆ ಒಂದು ದಿನ, "ನಿಮ್ಮ ಮೇಡಂಗೆ ನಾಕೂ ಗಂಡುಮಕ್ಳೇನಾ, ಒಂದೂ ಹೆಣ್ಣಿಲ್ವಾ?" ಅಂತ ಕೇಳಿದ್ದರು. ಮೇಡಂ ಮದುವೆಯಾಗಿರಲಿಲ್ಲ. ಈ ಮಾತನ್ನು ಅವರಿಗೆ ಹೇಳಿದಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಅವರ ಬಲಗೈಯ ಎರಡು ಬೆರಳು ಯಾವಾಗಲೂ ಆಡುತ್ತಿರುತ್ತಿದ್ದವು. ಕೂತರೆ ತೊಡೆಯ ಮೇಲೆ, ನಿಂತರೆ ಮೇಜಿನ ಅಂಚಿನ ಮೇಲೆ, ಬಸ್ಸಿನಲ್ಲಾದರೆ ಮುಂದಿನ ಸೀಟಿನ ಕಂಬಿಯ ಮೇಲೆ, ಒಂದಾದ ಮೇಲೊಂದು ಹೆಜ್ಜೆ ಇಟ್ಟ ಹಾಗೆ. ತರಬೇತಿ ಮುಗಿಯುವ ಹೊತ್ತಿಗೆ ಲಕ್ಷ್ಮೀದೇವಕ್ಕನಿಗೆ ತಡೆಯಲಾಗಲಿಲ್ಲ. "ಮೇಡಂ, ನರದ ತೊಂದ್ರೆ ಇರ್ಬೇಕು ನಿಮಗೆ. ನಮ್ಮೂರಲ್ಲಿ ಒಬ್ರು ಎಣ್ಣೆ ಕೊಡ್ತಾರೆ, ತಂದ್ಕೊಡ್ತೀನಿ" ಅಂದಳು. ಆಗಲೇ ನಮಗೆ ವಿಷಯ ಗೊತ್ತಾಗಿದ್ದು. ಚಿಕ್ಕಂದಿನಲ್ಲಿ ಮನೆಯಲ್ಲಿ ವೀಣೆ ಕಲಿಸಿದ್ದರಂತೆ. ಬೆಂಗಳೂರಿಗೆ ಕಾಲೇಜಿಗೆ ಹೋದಾಗ ಗೆಳತಿಯೊಬ್ಬಳ ಮನೆಯಲ್ಲಿ ನಾಲ್ಕು ದಪ್ಪ ತಂತಿಯ ಗಿಟಾರು ನೋಡಿ ವೀಣೆ ಬಿಟ್ಟು ಅದನ್ನು ಹಿಡಿದರಂತೆ. ಬೆರಳು ಆಡುವುದು ಆ ಅಭ್ಯಾಸದಿಂದಲೇ. ನಾಲ್ಕು ಹುಡುಗಿಯರು ಸೇರಿ ಒಂದು ಬ್ಯಾಂಡ್ ಕಟ್ಟಿದ್ದರಂತೆ. "ಅಪ್ಪನಿಗೆ ಗೊತ್ತಿತ್ತಾ ಮೇಡಂ?" ಅಂದೆ. "ಗೊತ್ತಿತ್ತು. ಒಂದು ಸಲ ಕೇಳೋದಕ್ಕೂ ಬಂದಿದ್ರು. ಕೇಳಿ, ಶ್ರುತಿ ಸರಿಯಾಗಿದೆ ಅಂದ್ರು. ಅಷ್ಟೇ." ಆ ಮಾತು ಹೇಳುವಾಗ ಮೇಡಂ ಮುಖದಲ್ಲಿ ಬಂದ ಬೆಳಕು ನನಗೆ ನೆನಪಿದೆ. ಬ್ಯಾಂಡ್ ಏನಾಯಿತು ಅಂತ ನಾನು ಕೇಳಿದ್ದಕ್ಕೆ ಮಾತ್ರ, "ನಿಂತ್ಹೋಯ್ತು" ಅಂದು ಮಾತು ಬದಲಾಯಿಸಿದರು.

ಒಮ್ಮೆ ಬೆಂಗಳೂರಿನಿಂದ ಮೇಲಧಿಕಾರಿಯೊಬ್ಬರು ತಪಾಸಣೆಗೆ ಬಂದಿದ್ದರು. ತರಗತಿಯಲ್ಲಿ ಹಾಡು ಜೋರಾಗಿ ನಡೆಯುತ್ತಿದೆ. ಅವರು ಬಾಗಿಲಲ್ಲಿ ನಿಂತು, "ಏನ್ರೀ ಇದು, ಯಾವ ವಿಷಯ?" ಅಂದರು. ಮೇಡಂ ಹಾಡು ನಿಲ್ಲಿಸಲಿಲ್ಲ. ಕುರ್ಚಿ ಎಳೆದು ಹಾಕಿ, "ಕೂತ್ಕೊಳ್ಳಿ ಸರ್, ಎಷ್ಟು ಜನ ನುಡಿಸ್ತಿದಾರೆ ಹೇಳಿ ನೋಡೋಣ" ಅಂದರು. ಸಾಹೇಬರು ಕಣ್ಣು ಮುಚ್ಚಿ ಕೇಳಿ ಆರು ಅಂದರು. ನಾವು ಮೂವತ್ತು ಹೆಂಗಸರೂ ಒಟ್ಟಿಗೆ, "ನಾಲ್ಕು ಸರ್" ಅಂದೆವು. ಹೋಗುವಾಗ ಅವರು ಆ ಬ್ಯಾಂಡಿನ ಹೆಸರು ಬರೆದುಕೊಂಡು ಹೋದರು.

ನಮ್ಮ ನರ್ಸರಿ ಶುರುವಾದಾಗ ಮೊದಲು ಜಗಳ ಬಂದಿದ್ದು ಹೆಸರಿಗೆ. ರತ್ನನ ಗಂಡನಿಗೆ ಮಗಳ ಹೆಸರಿಡಬೇಕು ಅಂತ, ಲಕ್ಷ್ಮೀದೇವಕ್ಕನಿಗೆ ಮನೆದೇವರ ಹೆಸರು, ಜಾಗ ನಮ್ಮದಾದ್ದರಿಂದ ನಮ್ಮ ಮಾವನಿಗೆ ಅವರಪ್ಪನ ಹೆಸರು. ಮೇಡಂಗೆ ಫೋನು ಮಾಡಿದೆ. "ನಮ್ಮ ಹುಡುಗ್ರು ಹಾಡು ಯಾರೇ ಬರೀಲಿ, ಕೆಳಗೆ ನಾಲ್ಕೂ ಜನರ ಹೆಸರು ಹಾಕ್ತಿದ್ರು. ಒಬ್ಬನ ಹೆಸರು ಮೇಲೆ ಹೋದ ದಿನ ಉಳಿದವರ ಕೈ ಸಡಿಲ ಆಗುತ್ತೆ ಅಂತ ಅವರಿಗೆ ಗೊತ್ತಿತ್ತು" ಅಂದರು. ಬೋರ್ಡು ಬರೆಯುವವನಿಗೆ "ನಾಲ್ವರ ನರ್ಸರಿ" ಅಂತ ಬರೆಯಲು ಹೇಳಿದೆವು. ಅವನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಈಗ ಸುತ್ತಿನ ಊರಲ್ಲೆಲ್ಲ ಅದು ನಾಕ್ ಹೆಂಗಸ್ರ ನರ್ಸರಿ.

ಮೊದಲ ಸಲ ಮುಳಬಾಗಿಲಿನ ಸಂತೆಗೆ ಇಪ್ಪತ್ತು ಟ್ರೇ ಸಸಿ ತೆಗೆದುಕೊಂಡು ಹೋದಾಗ ಎರಡು ಟ್ರೇ ಹೋಯಿತು. ಉಳಿದಿದ್ದನ್ನು ಆಟೋದಲ್ಲಿ ವಾಪಸು ತುಂಬುವಾಗ ಮೇಡಂ ಎದುರಿಗೆ ಬಂದು ನಿಂತರು. ಹೇಳದೆ ಬಂದು, ಎದುರಿನ ಅಂಗಡಿಯ ಕಟ್ಟೆಯ ಮೇಲೆ ಬೆಳಗಿನಿಂದ ಕೂತು ನಮ್ಮನ್ನೇ ನೋಡುತ್ತಿದ್ದರಂತೆ. ನಮಗೆ ಅಳು ಬರುವ ಹಾಗಿತ್ತು. "ನಮ್ಮ ಹುಡುಗ್ರು ಹೆಸರು ಬರೋಕೆ ಮುಂಚೆ ಯಾರೂ ಕಿವಿ ಕೊಡದ ಜಾಗದಲ್ಲಿ ವರ್ಷಗಟ್ಟಲೆ ನುಡಿಸಿದಾರೆ. ನೀವು ಒಂದು ದಿನ ನಿಂತಿದ್ದೀರಿ" ಅಂದರು. ಆಮೇಲೆ ದನಿ ತಗ್ಗಿಸಿ ಹೇಳಿದರು, "ಗಿರಾಕಿ ಬಂದ ಕೂಡಲೇ ನಾಲ್ಕೂ ಜನ ಒಟ್ಟಿಗೆ ಮಾತಾಡ್ತಿದ್ದೀರಿ. ಅವನು ಯಾರ ಮಾತು ಕೇಳ್ಬೇಕು? ಪಕ್ಕದವರದ್ದು ಕೇಳಿಸ್ತಿದ್ಯಾ ನಿಮಗೆ?"

ಪಕ್ಕದವರದ್ದು ಕೇಳಿಸ್ತಿದ್ಯಾ. ಮೇಡಂ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿದ್ದ ಮಾತು ಅದು. ಸ್ಟೇಜಿನ ಮೇಲೆ ನಿಂತವನು ತನ್ನದನ್ನು ಮಾತ್ರ ಕೇಳಿಸಿಕೊಂಡರೆ ಹಾಡು ಕೆಡುತ್ತದೆ ಅನ್ನುತ್ತಿದ್ದರು.

ಆವತ್ತು ಸಂತೆಯ ಬದಿಯಲ್ಲೇ ನಿಂತು ಕೆಲಸ ಹಂಚಿದರು. ಮಾತು ರತ್ನನದು. ಬೀಜ ಲಕ್ಷ್ಮೀದೇವಕ್ಕನದು. ಹೊರಗಿನ ಓಡಾಟ ನನ್ನದು. ನೀರು ಮಂಜುಳನದು. ಎರಡು ವರ್ಷ ಹಾಗೆಯೇ ನಡೆಯಿತು, ಚೆನ್ನಾಗಿಯೂ ನಡೆಯಿತು. ಎಲ್ಲರೂ ಟೊಮೇಟೊ ಸಸಿಗೇ ಜೋತುಬಿದ್ದಿದ್ದಾಗ ಮೇಡಂ, "ಜನ ಚಪ್ಪಾಳೆ ಹೊಡೆದ ಹಾಡನ್ನೇ ನಮ್ಮ ಹುಡುಗ್ರು ಜೀವಮಾನ ಪೂರ್ತಿ ಹಾಡ್ಲಿಲ್ಲ" ಅಂದು ಚೆಂಡುಹೂವಿನ ಸಸಿ ಮಾಡಿಸಿದರು. ನಾವು ಒಲ್ಲದ ಮನಸ್ಸಿನಿಂದಲೇ ಮಾಡಿದೆವು. ಟೊಮೇಟೊ ಬೆಲೆ ಬಿದ್ದು ರೈತರು ಸಸಿ ಕೇಳುವುದನ್ನೇ ಬಿಟ್ಟ ವರ್ಷ ಆ ಹೂವಿನ ಸಸಿಯೇ ನಮ್ಮ ನರ್ಸರಿಯನ್ನು ಉಳಿಸಿತು. ಶ್ರೀನಿವಾಸಪುರದಿಂದಲೂ ಜನ ಬರತೊಡಗಿದರು.

ಮೂರನೇ ವರ್ಷ ತೊಂದರೆ ಶುರುವಾಯಿತು. ರೈತರೊಬ್ಬರು ರತ್ನ ಸಸಿಯ ವಿಷಯ ಹೇಳುತ್ತಿದ್ದುದನ್ನು ಫೋನಿನಲ್ಲಿ ವಿಡಿಯೊ ಹಿಡಿದು ಎಲ್ಲರಿಗೂ ಕಳಿಸಿದರು. ಸಸಿಯ ಬೇರು ತೋರಿಸಿ, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ, ನಗುನಗುತ್ತಾ ಹೇಳಿದ್ದಳು. ಅದು ಗಡಿಯಾಚೆ ಆಂಧ್ರದ ಊರುಗಳಿಗೂ ಹೋಯಿತು. ಬರುವವರೆಲ್ಲ ರತ್ನಮ್ಮನ ನರ್ಸರಿ ಇದೇನಾ ಅಂತ ಕೇಳತೊಡಗಿದರು. ಅವಳು ತಪ್ಪೇನೂ ಮಾಡಿರಲಿಲ್ಲ. ಆದರೂ ಆ ಪ್ರಶ್ನೆ ಕೇಳಿದಾಗಲೆಲ್ಲ ಲಕ್ಷ್ಮೀದೇವಕ್ಕ ಕೈಯಲ್ಲಿದ್ದ ಟ್ರೇಯನ್ನು ಸ್ವಲ್ಪ ಜೋರಾಗಿ ಕೆಳಗಿಡುತ್ತಿದ್ದಳು. ಅಷ್ಟರಲ್ಲಿ ಮಾಲೂರಿನ ಹತ್ತಿರ ದೊಡ್ಡ ನರ್ಸರಿ ಇಟ್ಟಿದ್ದವರೊಬ್ಬರು ರತ್ನನನ್ನು ಮ್ಯಾನೇಜರ್ ಕೆಲಸಕ್ಕೆ ಕರೆದರು. ಅವಳು ಹೋಗುತ್ತೇನೆ ಅನ್ನಲಿಲ್ಲ, ಹೋಗುವುದಿಲ್ಲ ಅಂತಲೂ ಅನ್ನಲಿಲ್ಲ.

ನಮಗೆ ಬೇರೆ ಮಾತೇ ಇಲ್ಲದ ಹಾಗಾಯಿತು. ಅವಳು ಹೋದರೆ ಏನು ಗತಿ, ಅವಳನ್ನು ಉಳಿಸಿಕೊಳ್ಳುವುದು ಹೇಗೆ, ಬೆಳಗ್ಗೆ ಸಂಜೆ ಅದೇ. ಒಂದು ದಿನ ನಾನು ಲಕ್ಷ್ಮೀದೇವಕ್ಕನಿಗೆ ಇದನ್ನೇ ಹೇಳುತ್ತಿರುವಾಗ ಮಂಜುಳ ಬಂದು, "ಅಕ್ಕ, ಹಿಂದಿನ ಸಾಲಲ್ಲಿ ನೀರು ನಿಲ್ತಿದೆ, ಒಂದ್ಸಲ ನೋಡಿ" ಅಂದಳು. ನನಗೆ ಸಿಟ್ಟು ಬಂತು.

"ನೀರು ಹಾಕೋದೇನು ಮಹಾ, ಯಾರಾದ್ರೂ ಹಾಕ್ತಾರೆ. ಇಲ್ಲಿ ನರ್ಸರಿನೇ ಮುಚ್ಚೋ ಹಾಗಿದೆ, ನಿಂಗೆ ಹಿಂದಿನ ಸಾಲು ಕಾಣಿಸ್ತಾ" ಅಂದುಬಿಟ್ಟೆ.

ಅವಳು ಹಿಂದಿನ ಸಾಲಿಗೆ ವಾಪಸು ಹೋದಳು. ಮಾರನೆಯ ದಿನ ಬರಲಿಲ್ಲ. ತವರಲ್ಲಿ ರೇಷ್ಮೆ ಹುಳ ದೊಡ್ಡದಾಗುತ್ತಿದೆ, ಸೊಪ್ಪು ಹಾಕಲು ಜನ ಬೇಕಂತೆ, ಹುತ್ತೂರಿಗೆ ಹೋಗಿದ್ದಾಳೆ ಅಂತ ಅವಳ ಗಂಡ ಹೇಳಿದ. ಇದ್ದರೂ ಇರಬಹುದು ಅಂದುಕೊಂಡೆವು. ನೀರನ್ನು ಕೈ ಬಿಡುವಾದವರು ಹಾಕಿದೆವು.

ಮಂಜುಳ ನೀರು ಹಾಕುವುದನ್ನು ನಾನು ಮೂರು ವರ್ಷ ದಿನಾ ನೋಡಿದ್ದೆ, ಗಮನಿಸಿರಲಿಲ್ಲ. ಅವಳು ಮೊದಲು ಟ್ರೇಯ ಒಂದು ಮೂಲೆ ಹಿಡಿದು ಒಂದಿಷ್ಟು ಮೇಲೆತ್ತುತ್ತಾಳೆ. ತೂಕದಲ್ಲೇ ಅವಳಿಗೆ ಗೊತ್ತಾಗುತ್ತದೆ, ಒಳಗಿನ ತೆಂಗಿನ ನಾರಿನ ಪುಡಿ ಎಷ್ಟು ಒಣಗಿದೆ, ಎಷ್ಟು ನೀರು ಬೇಕು, ಬೇಡವಾ ಅಂತ. ನಮಗೆ ಅದು ಗೊತ್ತಿರಲಿಲ್ಲ. ಮೇಲೆ ಒಣಗಿದ ಹಾಗೆ ಕಂಡರೆ ಹಾಕಿದೆವು. ಮೋಡ ಇದ್ದ ದಿನವೂ ಹಾಕಿದೆವು. ಎಂಟನೇ ದಿನ ಬೆಳಗ್ಗೆ ಶೆಡ್ಡಿನ ಪರದೆ ಸರಿಸಿದಾಗ ಹಿಂದಿನ ನಾಲ್ಕು ಸಾಲಿನ ಸಸಿಗಳು ತಲೆ ಬಗ್ಗಿಸಿ ಮಲಗಿದ್ದವು. ಬುಡ ಮೆತ್ತಗಾಗಿ ಕೊಳೆತಿತ್ತು. ಮಧ್ಯಾಹ್ನದ ಹೊತ್ತಿಗೆ ಮುಂದಿನ ಸಾಲಿಗೂ ಹತ್ತಿತು. ಅದು ರಾಯಲ್ಪಾಡಿನ ರೈತರೊಬ್ಬರು ನಂಬಿ ಹೇಳಿಹೋಗಿದ್ದ ಸಸಿ. ಅವರು ಹೊಲ ಹದ ಮಾಡಿಟ್ಟುಕೊಂಡು ಕಾಯುತ್ತಿದ್ದರು. ರತ್ನ ಅವರಿಗೆ ಫೋನು ಮಾಡಿ ಸಸಿ ಇಲ್ಲ ಅಂತ ಹೇಳುವಾಗ, ಅಷ್ಟು ಮಾತು ಬರುವ ಅವಳಿಗೆ ಒಂದು ಮಾತೂ ಸರಿಯಾಗಿ ಹೊರಡಲಿಲ್ಲ. ಗುಂಡಿ ತೋಡಿ ಟ್ರೇಗಳನ್ನು ಒಂದೊಂದಾಗಿ ಬೋರಲು ಹಾಕಿದೆವು. ಲಕ್ಷ್ಮೀದೇವಕ್ಕ ತನ್ನ ಕೈಯಾರೆ ಊರಿದ ಬೀಜ ಅದು. ಅವಳು ಆ ಕಡೆ ಮುಖ ಮಾಡಿ ನಿಂತಿದ್ದಳು.

ನಾನು ಮೇಡಂಗೆ ಫೋನು ಮಾಡಿ, ರತ್ನ ಮಾಲೂರಿಗೆ ಹೋಗುವ ಹಾಗಿದೆ, ಸಸಿಯೂ ಹಾಳಾಯಿತು, ನರ್ಸರಿ ಮುಚ್ಚುವುದೇ ವಾಸಿ ಅಂದೆ. ಅವರು ಕೇಳಿಸಿಕೊಂಡು ಫೋನಿಟ್ಟರು. ಭಾನುವಾರ ಬೆಳಗಿನ ಬಸ್ಸಿಗೆ ಮುಳಬಾಗಿಲಿನಿಂದ ಬಂದಿಳಿದರು.

ರತ್ನನ ವಿಷಯ ಅವರು ಎತ್ತಲೇ ಇಲ್ಲ. ಖಾಲಿ ಸಾಲುಗಳ ಮಧ್ಯೆ ನಡೆದು ನೋಡಿ, "ನೀರು ಯಾರು ಹಾಕ್ತಿದ್ರು?" ಅಂತ ಕೇಳಿದರು. "ಮಂಜುಳ. ಅವಳು ತವರಿಗೆ ಹೋಗಿದಾಳೆ" ಅಂದೆ. ಮೇಡಂ ನಾರಿನ ಪುಡಿಯ ಮೂಟೆಯ ಮೇಲೆ ಕೂತು ಫೋನು ತೆಗೆದು ತರಬೇತಿಗೆ ತಾವು ಬಂದ ಮೊದಲ ದಿನ ಕೇಳಿಸಿದ ಅದೇ ಹಾಡು ಹಾಕಿದರು. "ಈ ಸಲ ಹಾಡೋನನ್ನ ಕೇಳ್ಬೇಡಿ. ಕೆಳಗೆ ದಪ್ಪಗೆ ಒಂದು ದನಿ ನಡೀತಿರುತ್ತೆ, ನಾನು ನುಡಿಸ್ತಿದ್ದಂಥದೇ ಗಿಟಾರು, ಅದನ್ನ ಹುಡುಕಿ." ಮೊದಲು ಸಿಗಲಿಲ್ಲ. ಮೇಡಂ ಮೂಟೆಯ ಮೇಲೆ ಎರಡು ಬೆರಳು ಆಡಿಸುತ್ತಾ ತೋರಿಸಿದರು. ಎರಡನೇ ಸಲಕ್ಕೆ ನನಗೆ ಸಿಕ್ಕಿತು. ಅಷ್ಟು ದಿನ ಕೇಳಿದ ಹಾಡಿನ ಅಡಿಯಲ್ಲಿ ಒಬ್ಬ ಮನುಷ್ಯ ಮೊದಲಿನಿಂದ ಕೊನೆಯವರೆಗೆ ತನ್ನ ಪಾಡಿಗೆ ನಡೆದು ಹೋಗುತ್ತಿದ್ದ.

"ಇವನು ನಿಂತ್ರೆ ಮಿಕ್ಕ ಮೂರೂ ಜನ ಬಿದ್ದ್‌ಹೋಗ್ತಾರೆ" ಅಂದರು ಮೇಡಂ. ಹಾಡು ನಿಲ್ಲಿಸಿದರು. ನಮ್ಮ ಯಾರ ಮುಖವನ್ನೂ ನೋಡದೆ ಹೇಳಿದರು.

"ನಮ್ಮ ಬ್ಯಾಂಡ್ ಏನಾಯ್ತು ಅಂತ ಕೇಳಿದ್ದೆಯಲ್ಲ ನೀನು. ನಮ್ಮಲ್ಲಿ ಡ್ರಮ್ ನುಡಿಸೋಳು ಒಬ್ಬಳಿದ್ದಳು. ಮಾತು ಕಮ್ಮಿ. ದೊಡ್ಡ ಕಾಲೇಜಲ್ಲಿ ಒಂದು ಕಾರ್ಯಕ್ರಮ ಸಿಕ್ಕಿತ್ತು ನಮಗೆ. ಅಭ್ಯಾಸ ಮಾಡುವಾಗ ಅವಳು, ಇಲ್ಲಿ ವೇಗ ಜಾಸ್ತಿ ಆಗ್ತಿದೆ ಅಂತ ನನ್ನನ್ನ ಎರಡು ಸಲ ನಿಲ್ಲಿಸಿದ್ಲು. ತಾಳ ಹಾಕೋದೇನು, ಯಾರಾದ್ರೂ ಹಾಕ್ತಾರೆ, ನೀನು ಸುಮ್ಮನೆ ಹೊಡಿ ಅಂದೆ. ಕಾರ್ಯಕ್ರಮದ ದಿನ ಅವಳು ಬರಲಿಲ್ಲ. ಬೇರೆ ಯಾರನ್ನೋ ಕೂರಿಸ್ಕೊಂಡು ಸ್ಟೇಜ್ ಹತ್ತಿದ್ವಿ. ಎರಡನೇ ಹಾಡಿನ ಮಧ್ಯದಲ್ಲಿ ನಿಂತೋಯ್ತು. ಅಲ್ಲಿಂದ ಇಳಿದು ಬಂದೋರು ಮತ್ತೆ ಯಾವತ್ತೂ ಒಟ್ಟಿಗೆ ನುಡಿಸಲಿಲ್ಲ."

"ಅವ್ರ ಮನೆಗೆ ಹೋಗ್ಲಿಲ್ವಾ ಮೇಡಂ?" ರತ್ನ ಕೇಳಿದಳು.

"ಗೇಟಿನವರೆಗೆ ಹೋದೆ. ಒಳಗೆ ಅವಳು ಅಭ್ಯಾಸ ಮಾಡ್ತಿರೋದು ಕೇಳಿಸ್ತಿತ್ತು. ನಾಚಿಕೆ ಆಯ್ತು, ಬೆಲ್ ಒತ್ತಲಿಲ್ಲ. ನಾಳೆ ಬರೋಣ ಅಂತ ವಾಪಸ್ ಬಂದೆ. ಮತ್ತೆ ಧೈರ್ಯ ಮಾಡಿ ಹೋಗೋ ಹೊತ್ತಿಗೆ ಅವರು ಮನೆ ಖಾಲಿ ಮಾಡಿದ್ರು. ಎಲ್ಲಿದಾಳೋ ಇವತ್ತಿಗೂ ಗೊತ್ತಿಲ್ಲ."

ಮಂಜುಳನಿಗೆ ನಾನು ಏನಂದಿದ್ದೆ ಅಂತ ಮೇಡಂಗೆ ನಾನು ಹೇಳಿರಲಿಲ್ಲ. ಲಕ್ಷ್ಮೀದೇವಕ್ಕನೂ ಹೇಳಿರಲಿಲ್ಲ, ಆಮೇಲೆ ಕೇಳಿ ತಿಳಿದುಕೊಂಡೆ. ಮೇಡಂ ತಮ್ಮದನ್ನು ತಾವು ಹೇಳಿಕೊಂಡಿದ್ದರು, ಅಷ್ಟೇ. ಆದರೆ ನನ್ನ ಬಾಯಿಂದ ಬಂದ ಮಾತೇ, ಹೆಚ್ಚೂಕಮ್ಮಿ ಅದೇ ಅಕ್ಷರಗಳಲ್ಲಿ, ಅವರ ಬಾಯಿಂದ ಬಂದಾಗ ನನಗೆ ಅಲ್ಲಿ ನಿಲ್ಲುವುದಕ್ಕಾಗಲಿಲ್ಲ.

"ನಾನು ಹುತ್ತೂರಿಗೆ ಹೋಗಿಬರ್ತೀನಿ" ಅಂದೆ.

"ಹೋಗು. ಇವತ್ತೇ ಹೋಗು ಕಣೇ" ಅಂದರು ಮೇಡಂ. ಅವರು ನನಗೆ ಕಣೇ ಅಂದಿದ್ದು ಅದೇ ಮೊದಲು.

ಎರಡು ಬಸ್ಸು ಬದಲಾಯಿಸಿ ಮಧ್ಯಾಹ್ನದ ಹೊತ್ತಿಗೆ ಹುತ್ತೂರು ಸೇರಿದೆ. ಮಂಜುಳ ಹುಳುಮನೆಯಲ್ಲಿದ್ದಳು. ಹುಳಗಳು ಕೊನೆಯ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ದಾಟಿ ದೊಡ್ಡವಾಗಿದ್ದವು. ಎಷ್ಟು ಸೊಪ್ಪು ಹಾಕಿದರೂ ಸಾಲದ ಹೊತ್ತು ಅದು. ಸಣ್ಣ ಮಳೆ ಬಿದ್ದ ಹಾಗೆ ಅವು ಸೊಪ್ಪು ತಿನ್ನುವ ಸದ್ದು ಮನೆಯೆಲ್ಲ ತುಂಬಿತ್ತು. ಅವಳು ನನ್ನನ್ನು ನೋಡಿ, "ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳ್ಕೊಂಡು ಬನ್ನಿ ಅಕ್ಕ" ಅಂದಳು. ತೊಳೆದುಕೊಂಡು ಬಂದು ಅವಳ ಜೊತೆ ಸೊಪ್ಪು ಹಾಕಿದೆ. ಒಂದು ಅಂಕಣದ ಹುಳಕ್ಕೆಲ್ಲ ಹಾಕಿ ಮುಗಿಸಿದೆವು.

"ಸಸಿ ಎಲ್ಲಾ ಹೋಯ್ತು ಮಂಜು" ಅಂದೆ.

ಅವಳ ಕೈ ನಿಂತಿತು. "ಹಿಂದಿನ ಸಾಲಾ?"

"ಎಲ್ಲಾ ಸಾಲೂ. ನೀರು ಯಾರಾದ್ರೂ ಹಾಕ್ತಾರೆ ಅಂದಿದ್ನಲ್ಲ, ನಾವೇ ಹಾಕಿದ್ವಿ. ನನ್ನದು ತಪ್ಪಾಯ್ತು. ಅದನ್ನ ಹೇಳೋಕೇ ಬಂದೆ."

ಅವಳು ತಲೆ ತಗ್ಗಿಸಿ ಮತ್ತೆ ಸೊಪ್ಪು ಹರಡತೊಡಗಿದಳು. "ನೀವು ಅಂದಿದ್ದು ನಿಜಾನೇ ಇರ್ಬೇಕು ಅಂತ ನಂಗೂ ಅನ್ನಿಸ್ಬಿಟ್ಟಿತ್ತು ಅಕ್ಕ. ಮನೆಲೂ ಹಂಗೇ ಅಂತಾರೆ, ನೀರು ಹಾಕೋಕೆ ಅಷ್ಟು ದೂರ ಹೋಗ್ಬೇಕಾ ಅಂತ. ನೀವೂ ಹಂಗೇ ಅಂದ್ಮೇಲೆ ಇನ್ನೇನಿದೆ ಅಂತ ಬಂದ್ಬಿಟ್ಟೆ." ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಇನ್ನು ಮೂರು ದಿನಕ್ಕೆ ಹುಳ ಹಣ್ಣಾಗುತ್ತೆ. ಗೂಡು ಕಟ್ಟೋಕೆ ಬಿಟ್ಟು ಬರ್ತೀನಿ. ಅಲ್ಲಿವರೆಗೆ ಟ್ರೇ ಎಲ್ಲಾ ಬಿಸಿಲಲ್ಲಿ ಒಣಗಿಸಿ ಇಡಿ, ಹಳೇ ಪುಡಿ ಮತ್ತೆ ತುಂಬ್ಬೇಡಿ" ಅಂದಳು. ನಾಲ್ಕು ಮಾತು ಒಟ್ಟಿಗೆ ಅವಳು ಆಡಿದ್ದು ನಾನು ಕೇಳಿದ್ದು ಅವತ್ತೇ.

ಬಂದಳು. ಹೊಸದಾಗಿ ಬೀಜ ಊರಿದೆವು. ರಾಯಲ್ಪಾಡಿನ ರೈತರ ಮನೆಗೆ ನಾವು ನಾಲ್ಕೂ ಜನ ಹೋಗಿ ಕೂತು, ನಮ್ಮಿಂದ ತಪ್ಪಾಯಿತು, ಮುಂದಿನ ಸಸಿ ಮೊದಲು ನಿಮಗೇ ಅಂತ ಹೇಳಿ ಬಂದೆವು. ಅವರು ಬೈದರು, ಆಮೇಲೆ ಊಟ ಹಾಕಿಸಿದರು. ರತ್ನ ಬರುವಾಗ ಬಸ್ಸಿನಲ್ಲೇ ಮಾಲೂರಿನವರಿಗೆ ಫೋನು ಮಾಡಿ ಬರುವುದಿಲ್ಲ ಅಂದಳು. ಯಾಕೆ ಅಂತ ನಾವು ಕೇಳದಿದ್ದರೂ ಅವಳೇ ಹೇಳಿದಳು, "ಅಲ್ಲಿ ನಂಗೊಂದು ಕುರ್ಚಿ ಹಾಕ್ತಾರಂತೆ. ಕುರ್ಚಿ ಮೇಲೆ ಕೂತ್ಕೊಂಡು ಯಾರ್ ಜತೆ ಮಾತಾಡ್ಲಿ."

ಈಗ ನಮ್ಮ ಶೆಡ್ಡು ಮೂರಾಗಿದೆ. ಶ್ರೀನಿವಾಸಪುರ, ಮಾಲೂರು, ಕೋಲಾರ ಎಲ್ಲ ಕಡೆಗೂ ಸಸಿ ಹೋಗುತ್ತದೆ. ತರಬೇತಿಗೆ ಬಂದ ಹೆಂಗಸರನ್ನು ಮೇಡಂ ಬಸ್ಸು ಮಾಡಿಕೊಂಡು ನಮ್ಮಲ್ಲಿಗೇ ಕರೆತರುತ್ತಿದ್ದರು. ಬಂದವರಿಗೆ ರತ್ನನ ಮಾತು ಕೇಳಿಸಿ ಆದ ಮೇಲೆ ಮಂಜುಳನ ಹತ್ತಿರ ನಿಲ್ಲಿಸಿ, ಟ್ರೇ ಎತ್ತಿ ತೂಕ ನೋಡುವುದನ್ನು ಒಬ್ಬೊಬ್ಬರಿಂದಲೂ ಮಾಡಿಸುತ್ತಿದ್ದರು. ಬೀಳ್ಕೊಡುಗೆಯ ದಿನ ಆ ಸಭಾಂಗಣದಲ್ಲಿ ಹಾಗೆ ಕಲಿತು ಹೋದವರು ತುಂಬಿದ್ದರು. ಬಟ್ಟೆ ಹೊಲಿಯುವವರು, ಉಪ್ಪಿನಕಾಯಿ ಹಾಕುವವರು, ಅಣಬೆ ಬೆಳೆಯುವವರು. ಗುರುತಿಲ್ಲದವರೂ ಒಬ್ಬರಿಗೊಬ್ಬರು, "ನಿಮಗೂ ಆ ಪಾಟ ಹಾಕಿದ್ರಾ?" ಅಂತ ಕೇಳಿಕೊಂಡು ನಗುತ್ತಿದ್ದರು. ಇಂಗ್ಲಿಷಿನ ಒಂದು ಸಾಲೂ ಅರ್ಥವಾಗದ ಅಷ್ಟು ಹೆಂಗಸರು, ಎಲ್ಲೋ ದೂರದ ನಾಲ್ಕು ಜನ ಹುಡುಗರಿಂದ ವ್ಯಾಪಾರ ಕಲಿತು ತಮ್ಮ ಕಾಲ ಮೇಲೆ ನಿಂತಿದ್ದರು. ಅಂಥವರ ಪರವಾಗಿ ಮಾತಾಡಲು ಕರೆದರಲ್ಲ ಅನ್ನುವ ಹೆಮ್ಮೆಯಲ್ಲೇ ಹೇಳಬೇಕಾದ್ದೆಲ್ಲ ಮರೆತು ಎರಡೇ ನಿಮಿಷಕ್ಕೆ ಬಂದು ಕೂತಿದ್ದೆ.

ಹೋದ ವಾರ ಮೇಡಂ ನರ್ಸರಿಗೆ ಬಂದಿದ್ದರು. ಮನೆಯ ತಾರಸಿಯಲ್ಲಿ ತರಕಾರಿ ಹಾಕಬೇಕು, ಈಗ ಹೊತ್ತಿದೆ ಅಂದರು. ಕೈಯಲ್ಲಿ ಒಂದು ಖಾಲಿ ಬ್ಯಾಗು. ಮುಂದೆ ಇಬ್ಬರು ರೈತರಿದ್ದರು. ರತ್ನ ಕರೆದರೂ ಬರದೆ ಅವರ ಹಿಂದೆಯೇ ನಿಂತು, ತಮ್ಮ ಸರದಿ ಬಂದಾಗ ಬದನೆ ಸಸಿ ಕೇಳಿದರು. ಮಂಜುಳ ಬದನೆ ಟ್ರೇಯ ಹತ್ತಿರ ಹೋಗಿ ಮೂಲೆ ಹಿಡಿದು ಎತ್ತಿ ನೋಡಿದಳು. ಒಂದು ಸಸಿ ಕಿತ್ತು ಕಾಂಡ ಮುಟ್ಟಿ ನೋಡಿದಳು. ತಿರುಗಿ ಬಂದಳು.

"ಇವತ್ತು ಕೊಡಲ್ಲ ಮೇಡಂ. ಇದು ಇನ್ನೂ ನೆರಳಲ್ಲೇ ಇದೆ, ನಾಲ್ಕು ದಿನ ಬಿಸಿಲು ಕಾಣ್ಬೇಕು. ಗುರುವಾರ ಬನ್ನಿ."

ರತ್ನನಿಗೆ ಗಾಬರಿಯಾಯಿತು. "ಏ ಮಂಜುಳ, ಮೇಡಂ ಕಣೇ. ಮುಳಬಾಗಿಲಿಂದ ಬಂದಿದಾರೆ. ಹತ್ತು ಸಸಿ ತಾನೆ, ಕೊಡೇ."

"ಮೇಡಂ ಅಂತ ಸಸಿಗೆ ಗೊತ್ತಾಗುತ್ತಾ" ಅಂದಳು ಮಂಜುಳ. 

ನಾನು ಮೇಡಂ ಮುಖ ನೋಡಿದೆ. ಅವರು ಮಂಜುಳನನ್ನೇ ನೋಡುತ್ತಿದ್ದರು. "ಗುರುವಾರ ಎಷ್ಟು ಹೊತ್ತಿಗೆ?" ಅಂತ ಕೇಳಿದರು.

"ಹತ್ತರ ಮೇಲೆ."

"ಸರಿ" ಅಂದು ಖಾಲಿ ಬ್ಯಾಗನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಹೊರಟರು. ನಾನು ಬಸ್‌ಸ್ಟಾಪಿನವರೆಗೆ ಜೊತೆಗೆ ಹೋದೆ. ದಾರಿಯುದ್ದಕ್ಕೂ ಅವರು ನೆಲ ನೋಡಿಕೊಂಡೇ ನಡೆದರು. ನನಗೆ ಒಳಗೊಳಗೇ ಅಳುಕು, ಬೇಜಾರಾಗಿರಬಹುದೇನೋ ಅಂತ. ಬಸ್ಸು ಬಂತು. ಹತ್ತಿ ಕಿಟಕಿ ಪಕ್ಕದ ಸೀಟಿನಲ್ಲಿ ಕೂತರು. ಪಕ್ಕದಲ್ಲಿ ಮಡಿಲಲ್ಲಿ ಬುಟ್ಟಿ ಇಟ್ಟುಕೊಂಡ ಒಬ್ಬ ಅಜ್ಜಿ ಇದ್ದರು, ಗುರುತಿನವರೇನಲ್ಲ. ಬಸ್ಸು ಇನ್ನೂ ಹೊರಟಿರಲಿಲ್ಲ. ಮೇಡಂ ಆ ಅಜ್ಜಿಯ ಕಡೆ ತಿರುಗಿ ನಮ್ಮ ಶೆಡ್ಡನ್ನು ಬೊಟ್ಟು ಮಾಡಿ ತೋರಿಸಿ ಹೇಳುತ್ತಿದ್ದದ್ದು ಕಿಟಕಿಯಿಂದ ನನಗೆ ಸ್ಪಷ್ಟವಾಗಿ ಕೇಳಿಸಿತು.

"ಅದೋ ಆ ನರ್ಸರಿ ನೋಡಿದ್ರಾ? ನಾನೇ ಪಾಠ ಹೇಳ್ಕೊಟ್ಟಿದ್ದು ಅವರಿಗೆ. ಇವತ್ತು ಹೋಗಿ ಸಸಿ ಕೇಳಿದ್ರೆ ನನಗೇ ಕೊಡಲ್ಲ ಅಂದ್ರು."

"ಅಯ್ಯೋ, ಯಾಕಮ್ಮಾ?" ಅಂದರು ಅಜ್ಜಿ.

"ಸಸಿಗೆ ಇನ್ನೂ ಬಲ ಬಂದಿಲ್ವಂತೆ. ಗುರುವಾರ ಬಾ ಅಂದಿದಾರೆ" ಅಂದರು ಮೇಡಂ, ಮುಖದ ತುಂಬ ನಗುತ್ತಾ.